ಎಷ್ಟರಲ್ಲಿ ಎಷ್ಟು?

ಕೆಲವು ತಿಂಗಳ ಹಿಂದಿನ ಮಾತು. ಸಂಜೆಯ ರೋಗಿಗಳನ್ನೆಲ್ಲ ನೋಡಿ ಮುಗಿಸಿ ನಾನಿನ್ನೇನು ಏಳಬೇಕು ಎನ್ನುವಾಗ ಪರಿಚಯದವರೊಬ್ಬರು ಒಳಗೆ ಬಂದರು. ಅವರ ತಂದೆ ನಮ್ಮೂರಿನ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು. ನಾಲ್ಕೈದು ವರ್ಷಗಳಿಂದ ಮೇಷ್ಟ್ರಿಗೆ ಮರೆವಿನ ಕಾಯಿಲೆ. ಮೊದಮೊದಲು ಕನ್ನಡಕ, ಕೊಡೆ ಮರೆತು ಬರುತ್ತಿದ್ದವರು ಈಗ ಊಟ ಮಾಡಿದ್ದನ್ನೇ ಮರೆಯುತ್ತಾರೆ. ಮಗನನ್ನು ಒಮ್ಮೊಮ್ಮೆ ತೀರಿಹೋದ ತಮ್ಮ ಅಣ್ಣನ ಹೆಸರಿನಿಂದ ಕರೆಯುತ್ತಾರೆ.

ಬಂದವರು ಮೊಬೈಲ್ ತೆಗೆದು ನನ್ನ ಮುಂದಿಟ್ಟರು. ಆಲ್‌ಝೈಮರ್ಸ್ ಕಾಯಿಲೆಗೆ ಹೊಸ ಔಷಧ ಬಂದಿದೆ, ಅದು ಕಾಯಿಲೆಯನ್ನು ಶೇಕಡಾ 27ರಷ್ಟು ತಡೆಯುತ್ತದೆ ಎಂಬ ಸುದ್ದಿ. ‘ಡಾಕ್ಟ್ರೇ, ತೋಟದ ಒಂದು ಭಾಗ ಮಾರುವ ಮಾತಾಗಿದೆ. ನಾಳೆ ಅಡ್ವಾನ್ಸ್ ಕೊಡುತ್ತೇವೆ ಅಂತಾರೆ. ಅಮೆರಿಕದಲ್ಲಿರುವ ನಮ್ಮ ಸಂಬಂಧಿಕರ ಮೂಲಕ ಔಷಧ ತರಿಸೋಣ ಅಂತಿದ್ದೇನೆ. ನೀವೊಂದು ಮಾತು ಹೂಂ ಅಂದರೆ ಸಾಕು’ ಎಂದರು.

ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ‘ಎರಡು ದಿನ ಕೊಡಿ, ಓದಿ ಹೇಳುತ್ತೇನೆ’ ಎಂದೆ. ಹಾಗೆ ಹೇಳುವಾಗ ನನಗೇ ಸ್ವಲ್ಪ ನಾಚಿಕೆಯಾಯಿತು. ಏಕೆಂದರೆ ಆ ಸುದ್ದಿಯನ್ನು ನಾನೂ ಹಿಂದೆಯೇ ಓದಿದ್ದೆ. ಓದಿ, ಬೇರೆ ಇಬ್ಬರು ರೋಗಿಗಳ ಮನೆಯವರಿಗೆ ‘ಒಳ್ಳೆಯ ಔಷಧ ಬಂದಿದೆಯಂತೆ’ ಎಂದು ಹೇಳಿಯೂ ಆಗಿತ್ತು. ಆ 27 ಎಂಬುದು ಯಾವುದರಲ್ಲಿ 27 ಎಂದು ನಾನು ವಿಚಾರಿಸಿರಲೇ ಇಲ್ಲ.

ಆಷಾಢ ಮಾಸದಲ್ಲಿ ಬಟ್ಟೆ ಅಂಗಡಿಯವರು ‘ಶೇಕಡಾ 50 ರಿಯಾಯಿತಿ’ ಎಂದು ಬೋರ್ಡು ಹಾಕುತ್ತಾರೆ. ನಮ್ಮ ಮನೆಗಳ ಹೆಣ್ಣುಮಕ್ಕಳು ಅದನ್ನು ನೋಡಿದ ಕೂಡಲೇ ಸೀರೆ ಕಟ್ಟಿಸಿಕೊಂಡು ಬರುವುದಿಲ್ಲ. ‘ಮೊದಲು ಬೆಲೆ ಎಷ್ಟಿತ್ತು?’ ಎಂದು ಕೇಳುತ್ತಾರೆ. ಸೀರೆಗೆ ಕೇಳುವ ಈ ಪ್ರಶ್ನೆಯನ್ನು ಔಷಧಕ್ಕೆ ನಾವು ಕೇಳುವುದಿಲ್ಲ. ವೈದ್ಯಕೀಯ ಸಂಶೋಧನೆಯ ಸುದ್ದಿ ದಿನಬೆಳಗಾದರೆ ಮನೆಯೊಳಗೆ ಬರುತ್ತಿರುವ ಈ ಕಾಲದಲ್ಲಿ ಪ್ರತಿ ಕುಟುಂಬವೂ ಕಲಿಯಲೇಬೇಕಾದ ಪ್ರಶ್ನೆ ಅದೇ ಎಂಬುದು ನನ್ನ ಅಭಿಪ್ರಾಯ: ಎಷ್ಟರಲ್ಲಿ ಎಷ್ಟು?

27 ಎಂದರೆ ಎಷ್ಟು?

ಆ ಔಷಧದ ಹೆಸರು ಲೆಕಾನೆಮಾಬ್. ಆಲ್‌ಝೈಮರ್ಸ್ ಕಾಯಿಲೆಯಲ್ಲಿ ಮಿದುಳಿನ ನರಕೋಶಗಳ ನಡುವೆ ಅಮೈಲಾಯ್ಡ್ ಎಂಬ ಪ್ರೋಟೀನು ಗಸಿಯಂತೆ ಸಂಗ್ರಹವಾಗುತ್ತದೆ. ಈ ಔಷಧ ಆ ಗಸಿಯನ್ನು ತೊಳೆಯುತ್ತದೆ. 2022ರ ನವೆಂಬರ್‌ನಲ್ಲಿ ಇದರ ದೊಡ್ಡ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. 1,795 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಔಷಧವನ್ನೂ ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ಡ್ರಿಪ್ಪನ್ನೂ ಹದಿನೆಂಟು ತಿಂಗಳು ಕೊಟ್ಟರು. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಪರೀಕ್ಷಿಸುವ ವೈದ್ಯರಿಗೂ ಗೊತ್ತಿಲ್ಲ. ಇದು ಸರಿಯಾದ, ಪ್ರಾಮಾಣಿಕ ವಿಧಾನ. ಅದರಲ್ಲಿ ನನಗೆ ತಕರಾರಿಲ್ಲ.

ಕಾಯಿಲೆ ಎಷ್ಟು ಹೆಚ್ಚಿತು ಎಂದು ಅಳೆಯಲು ಬಳಸಿದ್ದು 18 ಅಂಕಗಳ ಒಂದು ಪಟ್ಟಿ. ನೆನಪು, ಸ್ಥಳ-ಕಾಲದ ಅರಿವು, ವಿವೇಚನೆ, ಹೊರಗಿನ ವ್ಯವಹಾರ, ಮನೆಗೆಲಸ, ಸ್ವಂತ ಆರೈಕೆ ಎಂಬ ಆರು ವಿಷಯಗಳಿಗೆ ತಲಾ ಮೂರು ಅಂಕ. ಅಂಕ ಹೆಚ್ಚಿದಷ್ಟೂ ಕಾಯಿಲೆ ಹೆಚ್ಚು. ಹದಿನೆಂಟು ತಿಂಗಳಲ್ಲಿ ಹುಸಿ ಡ್ರಿಪ್ ಪಡೆದವರ ಅಂಕ ಸರಾಸರಿ 1.66ರಷ್ಟು ಏರಿತು. ಔಷಧ ಪಡೆದವರದು 1.21ರಷ್ಟು ಏರಿತು. ವ್ಯತ್ಯಾಸ 0.45. ಈ 0.45 ಎಂಬುದು 1.66ರ ಶೇಕಡಾ 27. ಸುದ್ದಿಯಾದ 27 ಇದೇ.

ಈಗ ನೀವೇ ನೋಡಿ. ‘ಶೇಕಡಾ 27’ ಎಂದರೂ ಸುಳ್ಳಲ್ಲ, ‘ಹದಿನೆಂಟು ಅಂಕಗಳಲ್ಲಿ ಅರ್ಧ ಅಂಕಕ್ಕಿಂತ ಕಡಿಮೆ’ ಎಂದರೂ ಸುಳ್ಳಲ್ಲ. ಆದರೆ ಮೊದಲನೆಯದನ್ನು ಕೇಳಿದವರು ತೋಟ ಮಾರಲು ಹೊರಡುತ್ತಾರೆ, ಎರಡನೆಯದನ್ನು ಕೇಳಿದವರು ಕುಳಿತು ಯೋಚಿಸುತ್ತಾರೆ. ಇನ್ನೊಂದು ಮಾತು. ಎರಡು ಗುಂಪಿನಲ್ಲೂ ಕಾಯಿಲೆ ಸರಾಸರಿ ಹೆಚ್ಚುತ್ತಲೇ ಹೋಯಿತು. ಔಷಧ ಕಾಯಿಲೆಯ ನಡಿಗೆಯನ್ನು ನಿಧಾನ ಮಾಡಿತೇ ಹೊರತು ಹೋದ ನೆನಪನ್ನು ಮರಳಿ ತರಲಿಲ್ಲ.

ಈ ವ್ಯತ್ಯಾಸ ಮನೆಯವರ ಕಣ್ಣಿಗೆ ಬೀಳಬೇಕಾದರೆ ಒಂದೆರಡು ಅಂಕವಾದರೂ ಬೇಕೆಂದು ಕೆಲವು ತಜ್ಞರು ವಾದಿಸುತ್ತಾರೆ. ವರ್ಷ ಕಳೆದಂತೆ ಈ ಸಣ್ಣ ಲಾಭ ಕೂಡುತ್ತಾ ಹೋಗಬಹುದು, ಇಷ್ಟು ಕಾಲ ಏನೂ ಇಲ್ಲದಿದ್ದ ಕಾಯಿಲೆಗೆ ಇದೇ ದೊಡ್ಡ ಹೆಜ್ಜೆ ಎಂದು ಬೇರೆಯವರು ವಾದಿಸುತ್ತಾರೆ. ಎರಡೂ ಯೋಗ್ಯ ವಾದಗಳೇ. ಆದರೆ ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಔಷಧ ಪಡೆದ ನೂರು ಜನರಲ್ಲಿ ಹನ್ನೆರಡು-ಹದಿಮೂರು ಮಂದಿಗೆ ಮಿದುಳಿನಲ್ಲಿ ಬಾವು ಕಾಣಿಸಿತು. ಹುಸಿ ಡ್ರಿಪ್ಪಿನವರಲ್ಲಿ ಅದು ನೂರಕ್ಕೆ ಎರಡಕ್ಕಿಂತ ಕಡಿಮೆ. ಬಾವು ಬಂದವರಲ್ಲಿ ಹೆಚ್ಚಿನವರಿಗೆ ತೊಂದರೆಯೇನೂ ಗೊತ್ತಾಗಲಿಲ್ಲ ನಿಜ. ಆದರೆ ಅದನ್ನು ಪತ್ತೆ ಹಚ್ಚಲು ಮೇಲಿಂದ ಮೇಲೆ ಮಿದುಳಿನ ಎಂ.ಆರ್.ಐ. ಆಗಬೇಕು. ಆ ಪ್ರಯೋಗದಲ್ಲಿ ಔಷಧವನ್ನು ಎರಡು ವಾರಕ್ಕೊಮ್ಮೆ ರಕ್ತನಾಳದ ಮೂಲಕ ಕೊಟ್ಟಿದ್ದರು. 2023ರ ಜನವರಿಯಲ್ಲಿ ಅಮೆರಿಕದಲ್ಲಿ ಮೊದಲು ಅನುಮತಿ ಸಿಕ್ಕಾಗ ಕಂಪನಿ ಘೋಷಿಸಿದ ಬೆಲೆ ವರ್ಷಕ್ಕೆ 26,500 ಡಾಲರ್. ಅಂದಿನ ಲೆಕ್ಕದಲ್ಲಿ 21 ಲಕ್ಷ ರೂಪಾಯಿಗೂ ಮೇಲೆ. 2024ರ ಆಗಸ್ಟ್‌ನಲ್ಲಿ ಬ್ರಿಟನ್ನಿನಲ್ಲಿ ಒಂದು ಸರ್ಕಾರಿ ಸಂಸ್ಥೆ ಈ ಔಷಧಕ್ಕೆ ಪರವಾನಗಿ ಕೊಟ್ಟಿತು. ಅದೇ ದಿನ ಇನ್ನೊಂದು ಸಂಸ್ಥೆ, ಸಿಗುವ ಲಾಭಕ್ಕೆ ಹೋಲಿಸಿದರೆ ಖರ್ಚು ಹೆಚ್ಚು, ಸರ್ಕಾರಿ ಆರೋಗ್ಯ ಸೇವೆಯಲ್ಲಿ ಇದನ್ನು ಕೊಡುವುದು ಬೇಡ ಎಂದು ತನ್ನ ಕರಡು ಅಭಿಪ್ರಾಯ ನೀಡಿತು.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಆ ಪ್ರಯೋಗಕ್ಕೆ ಸೇರಿಸಿಕೊಂಡಿದ್ದು ಕಾಯಿಲೆಯ ಆರಂಭದ ಹಂತದಲ್ಲಿದ್ದವರನ್ನು ಮಾತ್ರ. ನಮ್ಮ ಮೇಷ್ಟ್ರು ಆ ಹಂತ ದಾಟಿ ಬಹಳ ದಿನವಾಗಿತ್ತು. ಅವರಂಥವರಿಗೆ ಇದರಿಂದ ಉಪಯೋಗವಿದೆ ಎಂದು ಆ ಪ್ರಯೋಗ ಎಲ್ಲಿಯೂ ಹೇಳಿರಲಿಲ್ಲ. ಇದು ಸುದ್ದಿಯ ಶೀರ್ಷಿಕೆಯಲ್ಲಿ ಇರಲಿಲ್ಲ.

ಇಮ್ಮಡಿ ಎಂಬ ಭಯ

ಆಸೆ ಹುಟ್ಟಿಸುವ ಅಂಕಿಯಂತೆಯೇ ಭಯ ಹುಟ್ಟಿಸುವ ಅಂಕಿಯೂ ಉಂಟು. 1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಒಂದು ಎಚ್ಚರಿಕೆ ಕೊಟ್ಟಿತು. ಆಗ ಹೊಸದಾಗಿದ್ದ ಒಂದು ಬಗೆಯ ಗರ್ಭನಿರೋಧಕ ಮಾತ್ರೆಯಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹಳೆಯ ಮಾತ್ರೆಗಿಂತ ಇಮ್ಮಡಿಯಾಗುತ್ತದೆ ಎಂಬುದು ಅದರ ಸಾರ. ಪತ್ರಿಕೆಗಳು ‘ಇಮ್ಮಡಿ’ ಎಂಬ ಮಾತನ್ನೇ ದೊಡ್ಡದು ಮಾಡಿದವು. ಹೆದರಿದ ಹೆಂಗಸರು ಮಾತ್ರೆ ನಿಲ್ಲಿಸಿದರು.

ಎಷ್ಟರಲ್ಲಿ ಎಷ್ಟು? ಸುಮಾರು 7,000 ಮಹಿಳೆಯರಲ್ಲಿ ಒಬ್ಬರಿಗೆ ಬರುತ್ತಿದ್ದ ತೊಂದರೆ 7,000ದಲ್ಲಿ ಇಬ್ಬರಿಗೆ ಬರಬಹುದಿತ್ತು. ಒಂದು ಎರಡಾದರೆ ಇಮ್ಮಡಿ, ತಪ್ಪಿಲ್ಲ. ಆದರೆ ಹೆಚ್ಚಾದದ್ದು ಏಳು ಸಾವಿರಕ್ಕೆ ಒಬ್ಬರು. ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವೆಂದು ಅಂದಾಜು. ಗರ್ಭ ಧರಿಸಿದಾಗ ರಕ್ತ ಹೆಪ್ಪುಗಟ್ಟುವ ಅಪಾಯವು ಆ ಮಾತ್ರೆಯಿಂದ ಬರುವುದಕ್ಕಿಂತಲೂ ಹೆಚ್ಚು ಎಂಬುದನ್ನು ಆ ಗಲಾಟೆಯಲ್ಲಿ ಕೇಳುವವರೇ ಇರಲಿಲ್ಲ.

ಸತ್ತ ಮೀನಿನ ಯೋಚನೆ

ಇನ್ನು ಮಿದುಳಿನ ಚಿತ್ರಗಳ ವಿಷಯ. ಪ್ರೀತಿಸುವಾಗ ಮಿದುಳಿನ ಈ ಭಾಗ ಬೆಳಗುತ್ತದೆ, ಸುಳ್ಳು ಹೇಳುವಾಗ ಆ ಭಾಗ ಬೆಳಗುತ್ತದೆ ಎಂಬ ಬಣ್ಣಬಣ್ಣದ ಚಿತ್ರಗಳನ್ನು ನೀವು ನೋಡಿರಬಹುದು. 2009ರಲ್ಲಿ ಕ್ರೇಗ್ ಬೆನೆಟ್ ಎಂಬ ಅಮೆರಿಕದ ಸಂಶೋಧಕರು ಮತ್ತು ಅವರ ಸಂಗಡಿಗರು ಒಂದು ವಿಚಿತ್ರ ಪ್ರಯೋಗ ಮಾಡಿದರು. ಸತ್ತ ಸಾಲ್ಮನ್ ಮೀನೊಂದನ್ನು ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿಸಿ, ಅದಕ್ಕೆ ಮನುಷ್ಯರ ಚಿತ್ರಗಳನ್ನು ತೋರಿಸಿ, ಈ ವ್ಯಕ್ತಿಯ ಮನಸ್ಸಿನಲ್ಲಿ ಯಾವ ಭಾವನೆ ಇದೆ ಎಂದು ಕೇಳಿದರು! ಕಂಪ್ಯೂಟರಿನ ಲೆಕ್ಕದ ಪ್ರಕಾರ ಸತ್ತ ಮೀನಿನ ಮಿದುಳಿನಲ್ಲಿ ಒಂದೆರಡು ಕಡೆ ಚಟುವಟಿಕೆ ಕಂಡಿತು.

ಮೀನು ಯೋಚಿಸಲಿಲ್ಲ, ಲೆಕ್ಕ ತಪ್ಪಿತ್ತು. ಈ ಯಂತ್ರ ಮಿದುಳನ್ನು ಸಾವಿರಾರು ಸಣ್ಣ ತುಣುಕುಗಳಾಗಿ ವಿಂಗಡಿಸಿ ಒಂದೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸುತ್ತದೆ. ಕಾಯಿ ಬಿಟ್ಟ ಮಾವಿನ ಮರಕ್ಕೆ ಕಣ್ಣು ಮುಚ್ಚಿ ನೂರು ಕಲ್ಲು ಬೀಸಿದರೆ ಒಂದೆರಡಾದರೂ ಕಾಯಿಗೆ ತಾಗುತ್ತವೆ. ತಪ್ಪಿದ ಕಲ್ಲುಗಳನ್ನು ಲೆಕ್ಕಕ್ಕೆ ಹಿಡಿಯದೆ ಬಿದ್ದ ಕಾಯಿಯನ್ನು ಮಾತ್ರ ತೋರಿಸಿದರೆ ನಾನೂ ಗುರಿಕಾರನೇ. ಎಷ್ಟು ಕಲ್ಲು ಬೀಸಿದೆವೆಂಬುದನ್ನು ಲೆಕ್ಕಕ್ಕೆ ಸೇರಿಸಿದ ಕೂಡಲೇ ಮೀನಿನ ಚಟುವಟಿಕೆ ಮಾಯವಾಯಿತು. ಇದನ್ನು ಎಲ್ಲರಿಗೂ ನೆನಪಿಸುವುದೇ ಆ ವಿಜ್ಞಾನಿಗಳ ಉದ್ದೇಶವಾಗಿತ್ತು. 2012ರಲ್ಲಿ ಅವರಿಗೆ, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ ಬಂತು.

ಇದೊಂದು ತಮಾಷೆ ಎಂದು ಬಿಟ್ಟುಬಿಡುವಂತಿಲ್ಲ. 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನವೊಂದು ಸುಮಾರು 50,000 ಜನರ ಮಾಹಿತಿಯನ್ನು ಪರಿಶೀಲಿಸಿತು. ಒಬ್ಬ ವ್ಯಕ್ತಿಯ ಮಿದುಳಿನ ಚಿತ್ರಕ್ಕೂ ಅವನ ಬುದ್ಧಿಶಕ್ತಿ, ಸ್ವಭಾವಗಳಿಗೂ ಸಂಬಂಧ ಹೇಳಬೇಕಾದರೆ ಸಾವಿರಾರು ಜನರನ್ನು ಪರೀಕ್ಷಿಸಬೇಕು, ಇಪ್ಪತ್ತು ಮೂವತ್ತು ಜನರ ಮೇಲಿನ ಫಲಿತಾಂಶ ನೆಚ್ಚುವಂಥದ್ದಲ್ಲ ಎಂದು ಅದು ತೋರಿಸಿತು. ಮಗುವಿನ ಮಿದುಳಿನ ಚಿತ್ರ ತೆಗೆದು ಮುಂದೆ ಏನಾಗುತ್ತದೆಂದು ಹೇಳುತ್ತೇವೆ ಎನ್ನುವವರು ಬಂದರೆ ಈ ಮಾತು ನೆನಪಿರಲಿ.

ಮಿದುಳನ್ನು ಅನುಕರಿಸುವ ಯಂತ್ರ

ಈಗೀಗ ಹೆಚ್ಚಾಗಿ ಕೇಳುತ್ತಿರುವುದು ಮಿದುಳಿನ ಮಾದರಿಯ ಕಂಪ್ಯೂಟರುಗಳ ಸುದ್ದಿ. ‘ಡಾಕ್ಟರಿಗಿಂತ ಕಂಪ್ಯೂಟರೇ ಚೆನ್ನಾಗಿ ರೋಗ ಹಿಡಿಯುತ್ತದಂತೆ, ಹೌದೇ?’ ಎಂದು ನನ್ನ ರೋಗಿಗಳೇ ಕೇಳುತ್ತಾರೆ. ಇದರ ಮೂಲ ಕಲ್ಪನೆ ಹಳೆಯದು. 1943ರಲ್ಲಿಯೇ ಮೆಕಲಕ್ ಮತ್ತು ಪಿಟ್ಸ್ ಎಂಬ ಇಬ್ಬರು ನರಕೋಶದ ಕೆಲಸವನ್ನು ಗಣಿತದಲ್ಲಿ ಬರೆದು ತೋರಿಸಿದ್ದರು. ಸಣ್ಣ ಸಣ್ಣ ಲೆಕ್ಕದ ಘಟಕಗಳನ್ನು ಜಾಲದಂತೆ ಹೆಣೆದು, ತಪ್ಪು ಉತ್ತರ ಬಂದಾಗಲೆಲ್ಲ ಅವುಗಳ ನಡುವಿನ ಕೊಂಡಿಯನ್ನು ತುಸು ಬಿಗಿ ಅಥವಾ ಸಡಿಲ ಮಾಡುತ್ತಾ ಹೋದರೆ ಜಾಲ ‘ಕಲಿಯುತ್ತದೆ’. ಈ ದಾರಿ ತೆರೆದ ಜಾನ್ ಹಾಪ್‌ಫೀಲ್ಡ್ ಮತ್ತು ಜೆಫ್ರಿ ಹಿಂಟನ್ ಅವರಿಗೆ 2024ರ ಭೌತವಿಜ್ಞಾನದ ನೊಬೆಲ್ ಬಹುಮಾನ ಬಂತು.

ಇದರ ಲಾಭ ನಿಜವಾದದ್ದು. ಸಕ್ಕರೆ ಕಾಯಿಲೆಯವರ ಕಣ್ಣಿನ ಹಿಂಪದರ ಹಾಳಾಗುವುದನ್ನು ಫೋಟೋ ನೋಡಿಯೇ ಗುರುತಿಸುವ ಜಾಲವೊಂದನ್ನು ಗೂಗಲ್ ಸಂಶೋಧಕರು 2016ರಲ್ಲಿ ಪ್ರಕಟಿಸಿದರು. ಅದಕ್ಕೆ ಪಾಠ ಹೇಳಲು ಬಳಸಿದ ಚಿತ್ರಗಳಲ್ಲಿ ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯವೂ ಸೇರಿದಂತೆ ಭಾರತದ ಮೂರು ಕಣ್ಣಾಸ್ಪತ್ರೆಗಳ ಚಿತ್ರಗಳಿದ್ದವು. ಜಾಲ ಕಣ್ಣಿನ ತಜ್ಞರಿಗೆ ಸರಿಸಾಟಿಯಾಗಿ ಉತ್ತರ ಕೊಟ್ಟಿತು. ಆದರೆ ಇಂಥದೇ ವ್ಯವಸ್ಥೆಯನ್ನು ಥಾಯ್ಲೆಂಡಿನ ಸರ್ಕಾರಿ ಚಿಕಿತ್ಸಾಲಯಗಳಿಗೆ ಒಯ್ದಾಗ ಏನಾಯಿತು? ಮೊದಲ ಆರು ತಿಂಗಳಲ್ಲಿ ತೆಗೆದ 1,838 ಚಿತ್ರಗಳಲ್ಲಿ ಶೇಕಡಾ 21ನ್ನು ‘ಚಿತ್ರ ಸ್ಪಷ್ಟವಿಲ್ಲ’ ಎಂದು ಯಂತ್ರ ತಿರಸ್ಕರಿಸಿತು ಎಂದು 2020ರ ವರದಿ ಹೇಳುತ್ತದೆ. ಕತ್ತಲೆ ಮಾಡಲಾಗದ ಕೋಣೆ, ನೂಕುನುಗ್ಗಲಿನಲ್ಲಿ ಕೆಲಸ ಮಾಡುವ ನರ್ಸುಗಳು ಇವರೆಲ್ಲ ಪ್ರಯೋಗಾಲಯದ ಲೆಕ್ಕದಲ್ಲಿ ಇರಲಿಲ್ಲ.

2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಮತ್ತೂ ಸ್ವಾರಸ್ಯದ್ದು. ಎದೆಯ ಎಕ್ಸ್-ರೇ ನೋಡಿ ನ್ಯುಮೋನಿಯ ಗುರುತಿಸಲು ಕಲಿತ ಜಾಲ, ಆ ಎಕ್ಸ್-ರೇ ಯಾವ ಆಸ್ಪತ್ರೆಯದು ಎಂಬುದನ್ನೂ ಗುರುತಿಸಬಲ್ಲುದಾಗಿತ್ತು. ಒಂದು ಆಸ್ಪತ್ರೆಯಲ್ಲಿ ನ್ಯುಮೋನಿಯ ರೋಗಿಗಳು ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಹಾಗಾಗಿ ಶ್ವಾಸಕೋಶವನ್ನು ನೋಡುವ ಬದಲು ಆಸ್ಪತ್ರೆಯ ಗುರುತಿನಿಂದಲೇ ಅರ್ಧ ಉತ್ತರ ಊಹಿಸಲು ಅದಕ್ಕೆ ಸಾಧ್ಯವಿತ್ತು. ಹೊರಗಿನ ಆಸ್ಪತ್ರೆಯ ಚಿತ್ರ ಕೊಟ್ಟಾಗ ಹಲವು ಸಲ ಅದರ ನಿಖರತೆ ಕುಸಿಯಿತು. ಪಾಠ ಓದದೆ ಮೇಷ್ಟ್ರ ಮುಖ ನೋಡಿ ಉತ್ತರ ಹೇಳುವ ಹುಡುಗನಿದ್ದಂತೆ. ಮೇಷ್ಟ್ರು ಬದಲಾದರೆ ಹುಡುಗ ತಡವರಿಸುತ್ತಾನೆ.

ಹಾಗಾದರೆ ಈ ಯಂತ್ರಗಳನ್ನು ನಂಬುವುದೇ ಬೇಡವೇ? ಖಂಡಿತ ನಂಬಬಹುದು, ಸರಿಯಾದ ಪರೀಕ್ಷೆಯಲ್ಲಿ ತೇರ್ಗಡೆಯಾದರೆ. ಸ್ವೀಡನ್ನಿನಲ್ಲಿ 80,000ಕ್ಕೂ ಹೆಚ್ಚು ಮಹಿಳೆಯರನ್ನು ಎರಡು ಗುಂಪು ಮಾಡಿ ಸ್ತನ ಕ್ಯಾನ್ಸರ್ ತಪಾಸಣೆ ನಡೆಸಿದರು. ಒಂದು ಗುಂಪಿನ ಎಕ್ಸ್-ರೇಗಳನ್ನು ಎಂದಿನಂತೆ ಇಬ್ಬರು ವೈದ್ಯರು ನೋಡಿದರು, ಇನ್ನೊಂದರಲ್ಲಿ ವೈದ್ಯರಿಗೆ ಕಂಪ್ಯೂಟರಿನ ನೆರವಿತ್ತು. 2023ರ ವರದಿಯ ಪ್ರಕಾರ ಕಂಪ್ಯೂಟರಿನ ನೆರವಿದ್ದಲ್ಲಿ ಶೇಕಡಾ 20ರಷ್ಟು ಹೆಚ್ಚು ಕ್ಯಾನ್ಸರ್ ಪತ್ತೆಯಾಯಿತು. ಈಗ ನೀವೇ ಕೇಳಬೇಕು: ಎಷ್ಟರಲ್ಲಿ ಎಷ್ಟು? ಸಾವಿರ ಮಹಿಳೆಯರಲ್ಲಿ ಐದರ ಬದಲು ಆರು. ಜೊತೆಗೆ ಎಕ್ಸ್-ರೇ ಓದುವ ವೈದ್ಯರ ಕೆಲಸ ಶೇಕಡಾ 44ರಷ್ಟು ಇಳಿಯಿತು. ಸಾವಿರಕ್ಕೆ ಒಂದು ಸಣ್ಣದೇನೂ ಅಲ್ಲ, ಆ ಒಬ್ಬಾಕೆಗೆ ಅದೇ ಎಲ್ಲ. ನಾನು ಕೇಳುವುದು ಇಷ್ಟೇ. ಸಣ್ಣದನ್ನು ಸಣ್ಣದಾಗಿಯೇ ಹೇಳಿ, ಬೆಲೆ ಕಟ್ಟುವ ಕೆಲಸ ನಮಗೆ ಬಿಡಿ.

ನೀವು ಕೇಳಬೇಕಾದದ್ದು

ಮುಂದಿನ ಸಲ ಹೊಸ ಔಷಧ, ಹೊಸ ಪರೀಕ್ಷೆ, ಹೊಸ ಯಂತ್ರದ ಸುದ್ದಿ ಓದಿದಾಗ ಈ ನಾಲ್ಕು ಪ್ರಶ್ನೆ ಕೇಳಿ. ಒಂದು, ನೂರು ಜನರಲ್ಲಿ ಎಷ್ಟು ಜನರಿಗೆ ಲಾಭವಾಯಿತು, ಔಷಧವಿಲ್ಲದಿದ್ದರೆ ಎಷ್ಟು ಜನರಿಗೆ ಆಗುತ್ತಿತ್ತು? ಎರಡು, ಅದೇ ನೂರು ಜನರಲ್ಲಿ ತೊಂದರೆಯಾದದ್ದು ಎಷ್ಟು ಮಂದಿಗೆ? ಮೂರು, ಪ್ರಯೋಗ ನಡೆದದ್ದು ಯಾರ ಮೇಲೆ, ನಮ್ಮ ಮನೆಯ ರೋಗಿ ಅವರಂತೆಯೇ ಇದ್ದಾರೆಯೇ? ನಾಲ್ಕು, ಎಷ್ಟು ಕಾಲ ನೋಡಿದರು? ಉತ್ತರ ಸುದ್ದಿಯಲ್ಲಿ ಇಲ್ಲದಿದ್ದರೆ ನಿಮ್ಮ ವೈದ್ಯರನ್ನು ಕೇಳಿ. ಅವರಿಗೂ ಆ ಕ್ಷಣಕ್ಕೆ ಗೊತ್ತಿಲ್ಲದಿರಬಹುದು. ‘ಓದಿ ಹೇಳುತ್ತೇನೆ’ ಎನ್ನುವ ವೈದ್ಯರನ್ನು ಕಡಿಮೆ ತಿಳಿದವರೆಂದು ಭಾವಿಸಬೇಡಿ. ಓದದೆ ಹೇಳಿದ ನನ್ನ ತಪ್ಪನ್ನು ಮೇಲೆಯೇ ಒಪ್ಪಿಕೊಂಡಿದ್ದೇನೆ. ಆ ಇಬ್ಬರು ರೋಗಿಗಳ ಮನೆಯವರನ್ನು ಮತ್ತೆ ಕರೆಸಿ ಸರಿಯಾದ ಲೆಕ್ಕ ಹೇಳಿದ ಮೇಲೆಯೇ ನನಗೆ ಸಮಾಧಾನವಾಯಿತು.

ಪತ್ರಿಕೆಯವರಲ್ಲಿಯೂ ಒಂದು ವಿನಂತಿ. ಶೇಕಡಾವಾರು ಅಂಕಿಯನ್ನು ಒಂಟಿಯಾಗಿ ಅಚ್ಚು ಹಾಕಬೇಡಿ. ‘ಇಷ್ಟು ಜನರಲ್ಲಿ ಇಷ್ಟು’ ಎಂಬ ಒಂದು ಸಾಲು ಜೊತೆಗಿರಲಿ. ಅದಕ್ಕೆ ಬೇಕಾದ ಜಾಗ ಒಂದು ಅಂಗುಲವೂ ಅಲ್ಲ.

ಇದನ್ನೆಲ್ಲ ಓದಿ ‘ವಿಜ್ಞಾನವೇ ಮೋಸ’ ಎಂದು ಯಾರೂ ತಿಳಿಯಬಾರದು. ತನ್ನ 27ರ ಹಿಂದೆ ಇರುವುದು 0.45 ಎಂದು ಆ ಪ್ರಯೋಗದ ವರದಿಯೇ ಬರೆದಿದೆ, ಬಾವಿನ ಲೆಕ್ಕವನ್ನೂ ಅದೇ ಕೊಟ್ಟಿದೆ. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ‘ನೂರಕ್ಕೆ ನೂರು ಗುಣ’ ಎಂದು ಬರೆಸುವವನು ಎಂದಾದರೂ ಎಷ್ಟು ಜನರಲ್ಲಿ ಎಂದು ಹೇಳಿದ್ದುಂಟೇ? ಲೆಕ್ಕ ಕೊಡುವ 27, ಲೆಕ್ಕ ಕೊಡದ ನೂರಕ್ಕಿಂತ ಸಾವಿರ ಪಾಲು ಮೇಲು.

ಮೇಷ್ಟ್ರ ಮಗ ಎರಡು ದಿನದ ನಂತರ ಬಂದರು. ಎಲ್ಲವನ್ನೂ ಕಾಗದದ ಮೇಲೆ ಬರೆದು ವಿವರಿಸಿದೆ. ಬಹಳ ಹೊತ್ತು ಸುಮ್ಮನಿದ್ದು, ‘ನಾಲ್ಕು ವರ್ಷ ಮೊದಲೇ ಕರಕೊಂಡು ಬಂದಿದ್ದರೆ?’ ಎಂದರು. ‘ಆಗಲೂ ಇದೇ ಲೆಕ್ಕ ಹೇಳುತ್ತಿದ್ದೆ, ತೀರ್ಮಾನ ನಿಮ್ಮದಾಗುತ್ತಿತ್ತು. ಈಗ ಆ ತೀರ್ಮಾನದ ಭಾರ ನಿಮ್ಮ ಮೇಲಿಲ್ಲ’ ಎಂದೆ. ಅದು ಅವರಿಗೆ ಎಷ್ಟು ಸಮಾಧಾನ ಕೊಟ್ಟಿತೋ ತಿಳಿಯದು.

ಮಾಡಬಹುದಾದದ್ದನ್ನು ಮಾಡಿದೆವು. ಥೈರಾಯ್ಡ್, ಬಿ-12 ಮೊದಲೇ ನೋಡಿಯಾಗಿತ್ತು. ಎಲ್ಲಿಂದಲೋ ಶುರುವಾಗಿದ್ದ ನಿದ್ರೆ ಮಾತ್ರೆಯನ್ನು ಹಂತಹಂತವಾಗಿ ನಿಲ್ಲಿಸಿದೆವು, ಅದು ಗೊಂದಲವನ್ನು ಹೆಚ್ಚಿಸುತ್ತಿತ್ತು. ಕಿವಿ ಪರೀಕ್ಷೆ ಮಾಡಿಸಿ ಶ್ರವಣ ಸಾಧನ ಹಾಕಿಸಿದೆವು. ಹಗಲು ನೋಡಿಕೊಳ್ಳಲು ಒಬ್ಬರನ್ನು ಗೊತ್ತು ಮಾಡಿದ್ದರಿಂದ ಸೊಸೆಗೆ ವರ್ಷಗಳ ನಂತರ ಮಧ್ಯಾಹ್ನದ ನಿದ್ದೆ ಸಿಕ್ಕಿತು. ಮಗನಿಗೆ ಐವತ್ತು ದಾಟಿದೆ. ಅವರ ಬಿ.ಪಿ.ಯನ್ನೂ ಸಕ್ಕರೆಯನ್ನೂ ಅಂದೇ ನೋಡಿದೆ. ಬಿ.ಪಿ., ಸಕ್ಕರೆ, ಕಿವುಡು, ಧೂಮಪಾನ ಮುಂತಾದ 14 ಕಾರಣಗಳನ್ನು ಸರಿಪಡಿಸಿದರೆ ಜಗತ್ತಿನಲ್ಲಿ ಮರೆವಿನ ಕಾಯಿಲೆಯ ಶೇಕಡಾ 45ರಷ್ಟನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದು ಎಂದು 2024ರಲ್ಲಿ ಲ್ಯಾನ್ಸೆಟ್ ಆಯೋಗ ಅಂದಾಜಿಸಿದೆ. ಅದನ್ನು ಹೇಳಿದಾಗ ಅವರು ನನ್ನನ್ನೇ ದಿಟ್ಟಿಸಿ ಕೇಳಿದರು: ‘ಡಾಕ್ಟ್ರೇ, ಈ 45 ಎಷ್ಟರಲ್ಲಿ?’

ನನಗೆ ಸಂತೋಷವಾಯಿತು. ಅದು ಹದಿನಾಲ್ಕೂ ಕಾರಣಗಳನ್ನು ಎಲ್ಲ ಜನರಲ್ಲಿಯೂ ಪೂರ್ತಿ ತೊಲಗಿಸಿದರೆ ಇಡೀ ಜನಸಮುದಾಯಕ್ಕೆ ಹೇಳಿದ ಮಾತು, ನಿಮ್ಮೊಬ್ಬರಿಗೆ ಕೊಟ್ಟ ಭರವಸೆಯಲ್ಲ ಎಂದು ವಿವರಿಸಿದೆ. ಆದರೂ ಬಿ.ಪಿ. ಮಾತ್ರೆಯಿಂದ ಪಾರ್ಶ್ವವಾಯು, ಹೃದಯಾಘಾತಗಳೂ ದೂರವಾಗುತ್ತವೆ, ಖರ್ಚು ತಿಂಗಳಿಗೆ ಕೆಲವೇ ನೂರು ರೂಪಾಯಿ ಎಂದೆ. ಲೆಕ್ಕ ಅವರಿಗೆ ಒಪ್ಪಿಗೆಯಾಯಿತು. ಮಾತ್ರೆ ಬರೆಸಿಕೊಂಡು ಹೋದರು. ತೋಟ ಮಾರಲಿಲ್ಲ. ಸಂಜೆ ಹೊತ್ತು ಮೇಷ್ಟ್ರು ಅದೇ ತೋಟದಲ್ಲಿ ಮಗನ ಕೈ ಹಿಡಿದು ಅಡ್ಡಾಡುತ್ತಾರೆ.